ಬಾಗಿಲಿಗೆ ನಿಂತ ಮಗ

ಗುರುತಿಲ್ಲದ ಮುದುಕನೊಬ್ಬ ತನ್ನನ್ನು ತಬ್ಬಿಕೊಂಡು ಬೆನ್ನು ಸವರುತ್ತಾ, "ಅಳು ಮಗಾ, ಅತ್ತುಬಿಡು, ಅಪ್ಪ ಹೋಗೋದು ಅಂದ್ರೆ ಸುಮ್ನೆ ಅಲ್ಲ" ಎಂದಾಗಲೇ ಕೋಬಿಲ್‌ಜಾನ್‌ಗೆ ತಾನು ಅಳುತ್ತಿದ್ದೇನೆಂದು ಗೊತ್ತಾದದ್ದು. ಮುಖಕ್ಕೆ ಕೈ ಹಚ್ಚಿ ನೋಡಿಕೊಂಡ. ಕೆನ್ನೆ ಒದ್ದೆಯಾಗಿತ್ತು, ಮೂಗಿನಿಂದಲೂ ನೀರು ಇಳಿಯುತ್ತಿತ್ತು. ನಿನ್ನೆ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಾಗ ಬಾರದ್ದು, ಜನಾಜಾಕ್ಕೆ ಹೆಗಲು ಕೊಟ್ಟಾಗ ಬಾರದ್ದು, ಗುಂಡಿಗೆ ಮಣ್ಣು ಹಾಕಿದಾಗಲೂ ಬಾರದ್ದು, ಇವತ್ತು ಬೆಳಿಗ್ಗೆ ಯಾವನೋ ಮುದುಕನ ಹೆಗಲ ಮೇಲೆ ಹೇಳದೆ ಕೇಳದೆ ಬಂದುಬಿಟ್ಟಿತ್ತು. ಕೋಬಿಲ್‌ಜಾನ್‌ಗೆ ಒಂದು ಗಳಿಗೆ ಎಷ್ಟು ಹಗುರವಾಯಿತೆಂದರೆ ಆ ಮುದುಕನನ್ನು ಬಿಡುವುದೇ ಬೇಡವೆನ್ನಿಸಿತು. ಸದ್ಯ, ತಾನೂ ಮನುಷ್ಯನೇ, ತನ್ನೊಳಗೂ ಮಗನೊಬ್ಬ ಉಳಿದಿದ್ದಾನೆ. ಅಷ್ಟರಲ್ಲಿ ಆಕಳಿಕೆ ಬಂತು. ದವಡೆ ಕಿತ್ತುಬರುವಂಥ ಆಕಳಿಕೆ. ಅದು ಮುಗಿಯುವ ಮೊದಲೇ ಇನ್ನೊಂದು. ಬೆನ್ನಿನ ಮೇಲೆ ಸಾಲಾಗಿ ರೋಮ ಎದ್ದವು, ಮೊಣಕಾಲಿನ ಹಿಂದೆ ಏನೋ ಸೆಳೆಯಿತು. ಆಗ ಅವನಿಗೆ ತಿಳಿಯಿತು. ಇದು ಅಪ್ಪನಿಗಾಗಿ ಬಂದ ಅಳುವಲ್ಲ. ಎರಡು ದಿನದಿಂದ ಆಸ್ಪತ್ರೆಯ ಔಷಧಿ ಕಿಟಕಿಯ ಹತ್ತಿರ ಹೋಗಿರಲಿಲ್ಲ, ಮೈ ತನ್ನ ಪಾಲಿನದನ್ನು ಕೇಳುತ್ತಿತ್ತು.

ಮುದುಕ ಅವನನ್ನು ಬಿಟ್ಟು ಅಣ್ಣ ತುರ್ಸುನ್‌ಬಾಯನನ್ನು ತಬ್ಬಿಕೊಂಡ. ಆಮೇಲೆ ಅವನ ಜೊತೆ ಬಂದ ಉಳಿದವರು ಒಬ್ಬೊಬ್ಬರಾಗಿ ತಬ್ಬಿ, ಅಂಗಳದ ಉದ್ದನೆಯ ಬೆಂಚುಗಳ ಮೇಲೆ ಕೂತರು. ಕುರಾನಿನ ನಾಲ್ಕು ಸಾಲು, ಎತ್ತಿದ ಅಂಗೈ, ಮುಖಕ್ಕೆ ಸವರಿಕೊಂಡ ಕೈ, ಒಂದು ಬಟ್ಟಲು ಚಹಾ, ಎದ್ದು ಹೋಗುವುದು. ಅವರು ಹೋಗುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಇನ್ನೊಂದು ಗುಂಪು. ಗುಂಪು ಕಂಡ ಕೂಡಲೇ ಅಣ್ಣ "ಅಯ್ಯೋ ನನ್ನಪ್ಪಾ" ಎಂದು ದನಿ ತೆಗೆಯಬೇಕು, ಕೋಬಿಲ್‌ಜಾನ್ ಜೊತೆಗೂಡಬೇಕು. ಉದ್ದನೆಯ ಚಪಾನು ನಿಲುವಂಗಿ ತೊಟ್ಟು, ಸೊಂಟಕ್ಕೆ ಬಟ್ಟೆ ಬಿಗಿದು, ತಲೆಗೆ ಟೋಪಿ, ಕೈಯಲ್ಲಿ ಕೋಲು. ಸತ್ತವನ ಗಂಡುಮಕ್ಕಳು ಮೂರು ದಿನ ಬೆಳಕು ಹರಿಯುವ ಮೊದಲಿನಿಂದ ಸಂಜೆಯ ನಮಾಜಿನವರೆಗೆ ಹೀಗೆ ಬಾಗಿಲಿಗೆ ನಿಲ್ಲಬೇಕು. ಬಾಗಿಲು ಬಿಟ್ಟು ಹೋಗುವಂತಿಲ್ಲ. ಕಿರ್ಗಿಸ್ತಾನದ ಓಶ್ ಪಟ್ಟಣದ ಈ ಮೊಹಲ್ಲಾದಲ್ಲಿ ಯಾರ ಮಗ ಎಷ್ಟು ಹೊತ್ತು ನಿಂತ, ಯಾರ ಮಗ ನೆರಳಿಗೆ ಸರಿದ ಎನ್ನುವುದನ್ನು ಜನ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಇಪ್ಪತ್ತು ವರ್ಷದ ಹಿಂದೆ ತಂದೆಯ ಬಾಗಿಲು ಬಿಟ್ಟು ಸಿಗರೇಟು ಸೇದಲು ಹೋದ ಒಬ್ಬ ಕಟುಕನಿಗೆ ಇವತ್ತಿಗೂ ಸಿಗರೇಟು ಎಂದೇ ಅಡ್ಡಹೆಸರು.

ಆದರೆ ಕೋಬಿಲ್‌ಜಾನ್‌ಗೆ ಅಡ್ಡಹೆಸರಿನ ಭಯವಿರಲಿಲ್ಲ. ಇದ್ದ ಹೆಸರು ಸಾಲದೆ? ನಿನ್ನೆ ಅಪ್ಪ ಹೋದರೆಂದು ಅತ್ತಿಗೆ ಬಂದು ಬಾಗಿಲು ಬಡಿದಾಗ, ಹಾಸಿಗೆಯಲ್ಲಿ ಎದ್ದು ಕೂತ ಅವನ ತಲೆಗೆ ಮೊದಲು ಬಂದದ್ದು ಅಪ್ಪನಲ್ಲ, ಕಿಟಕಿ. ಹೊಳೆಯಾಚೆಯ ಆಸ್ಪತ್ರೆಯ ಹಿಂಭಾಗದಲ್ಲಿ, ಕಸದ ಡಬ್ಬಿಗಳ ಪಕ್ಕದ ಬಾಗಿಲಿನಿಂದ ಒಳಗೆ ಹೋದರೆ ಸಿಗುವ ಸಣ್ಣ ಕಿಟಕಿ, ಅಲ್ಲಿ ನರ್ಸ್ ಬುರುಲ್ ಅಳೆದು ಕೊಡುವ ಸಣ್ಣ ಲೋಟದ ಮೆಥಡೋನ್, ಹೆರಾಯಿನ್ ಪುಡಿಯ ಬದಲಿಗೆ ಸರ್ಕಾರ ಕೊಡುವ ಔಷಧಿ. ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಇವತ್ತು ಹೋಗುವುದು ಹೇಗೆ? ಅಪ್ಪನ ಬಾಯಿ ಇನ್ನೂ ಕಟ್ಟಿರಲಿಲ್ಲ, ಮಗ ಹೊತ್ತು ಲೆಕ್ಕ ಹಾಕುತ್ತಿದ್ದ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಪ್ಪನ ಮೈ ತೊಳೆಯುವವರಿಗೆ ನೀರು ಹೊಯ್ಯಲೆಂದು ಅವನು ತಂಬಿಗೆ ಎತ್ತಿಕೊಂಡಾಗ, ತೊಳೆಯುವ ಹಿರಿಯ ಮಾತಿಲ್ಲದೆ ಅವನ ಕೈಯಿಂದ ತಂಬಿಗೆ ತೆಗೆದು ಅಣ್ಣನ ಕೈಗೆ ಕೊಟ್ಟಿದ್ದ. ಬೈದಿದ್ದರೆ ಬೇರೆ ಮಾತು. ಆ ಹಿರಿಯನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮಗುವಿನ ಕೈಯಿಂದ ಚಾಕು ತೆಗೆದಿಟ್ಟಷ್ಟೇ ಸಹಜವಾಗಿ ತೆಗೆದಿದ್ದ. ಆಮೇಲೆ ಬಾಗಿಲಿಗೆ ನಿಂತಾಗ ಅಣ್ಣ ಅವನನ್ನು ಗೋಡೆಯ ಕಡೆಗೆ, ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದ್ದ. ಒಣಗಿದ ಕಣ್ಣಿನ ಮಗ ಜನರಿಗೆ ಎಷ್ಟು ಕಡಿಮೆ ಕಂಡರೆ ಅಷ್ಟು ಒಳ್ಳೆಯದು.

ಅಪ್ಪ, ಎರ್ಗಾಶ್ ಉಸ್ತಾ, ತೊಟ್ಟಿಲು ಮಾಡುವ ಮೇಸ್ತ್ರಿ. ಮೊಹಲ್ಲಾದ ಅರ್ಧ ಜನ ಅವನ ತೊಟ್ಟಿಲಲ್ಲಿ ಮಲಗಿ ಬೆಳೆದವರು. ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಬಣ್ಣ. ಮಗನಿಗೆ ಪುಡಿಯ ಚಟ ಹತ್ತಿದೆಯೆಂದು ತಿಳಿದಾಗ ಅವನು ಹೊಡೆಯಲಿಲ್ಲ, ಅಂಗಡಿಯ ಬಾಗಿಲು ಹಾಕಿ ಎರಡು ದಿನ ಮಲಗಿಬಿಟ್ಟ. ಆಮೇಲೆ ಇಮಾಮರ ಹತ್ತಿರ ಕರೆದೊಯ್ದ, ಉಸಿರೂದಿದ ನೀರು ಕುಡಿಸಿದ. ಅಣ್ಣನ ಮಾತು ಕೇಳಿ ಸಾಮಾನಿನ ಕೋಣೆಯಲ್ಲಿ ಕೂಡಿ ಬೀಗ ಹಾಕಿದ್ದೂ ಆಯಿತು. ಆ ಕೋಣೆಯಲ್ಲಿ, ಅರೆಬರೆ ತೊಟ್ಟಿಲುಗಳ ನಡುವೆ, ಕೋಬಿಲ್‌ಜಾನ್ ತನ್ನ ಕಾಲನ್ನು ತಾನೇ ಗೋಡೆಗೆ ಒದ್ದುಕೊಳ್ಳುತ್ತಿದ್ದಾಗ ಅಪ್ಪ ಕಿಂಡಿಯಿಂದ ರೊಟ್ಟಿ ಮುರಿದು ಕೊಡುತ್ತಿದ್ದ, ಕೊಡುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಹಾಗೆ ಹೊರಬಂದು ಒಂದು ತಿಂಗಳು ನೆಟ್ಟಗಿದ್ದು ಮತ್ತೆ ಬಿದ್ದ. ಮತ್ತೆ ಕೋಣೆ, ಮತ್ತೆ ಬಿದ್ದ. ಕೊನೆಗೆ ಸ್ನಾನದ ಮನೆಯಲ್ಲಿ ತುಟಿ ನೀಲಿಯಾಗಿ ಬಿದ್ದಿದ್ದವನನ್ನು ಅಪ್ಪನೇ ನೋಡಿದ ಮೇಲೆ ಕೋಬಿಲ್‌ಜಾನ್ ಹೊಳೆ ದಾಟಿ ಆ ಕಿಟಕಿಗೆ ಹೋದ.

ಕಿಟಕಿಯ ವಿಷಯ ಮೊಹಲ್ಲಾಕ್ಕೆ ತಿಳಿದಾಗ, ಪುಡಿ ಸೇದಿದ್ದಕ್ಕಿಂತ ಅದೇ ದೊಡ್ಡ ಮಾತಾಯಿತು. ಸರ್ಕಾರದವರು ಪುಡಿಗೆ ನೀರು ಬೆರೆಸಿ ಕೊಡುತ್ತಾರಂತೆ. ಮೂಳೆ ಟೊಳ್ಳಾಗುತ್ತದಂತೆ. ಆ ಜೂನ್ ತಿಂಗಳ ಕಿರ್ಗಿಜ್-ಉಜ್ಬೆಕ್ ಗಲಭೆಯ ಬೆಂಕಿಯ ನಂತರ ನಮ್ಮ ಉಜ್ಬೆಕ್ ಹುಡುಗರು ತಲೆ ಎತ್ತಬಾರದೆಂದು ದಿನಾ ಒಂದು ಕಿಟಕಿಯ ಮುಂದೆ ಬಾಯಿ ತೆರೆದು ನಿಲ್ಲುವ ಹಾಗೆ ಮಾಡಿದ್ದಾರಂತೆ. ಹೆಸರು ಪೊಲೀಸರ ಹತ್ತಿರ ಹೋಗುತ್ತದೆ, ಇನ್ನು ಅವನಿಗೆ ಡ್ರೈವಿಂಗ್ ಲೈಸೆನ್ಸೂ ಇಲ್ಲ, ಹೆಣ್ಣೂ ಇಲ್ಲ. ಗಂಡಸಾದವನು ಹಲ್ಲು ಕಚ್ಚಿ ಬಿಡಬೇಕು, ಬಿಡಲಾಗದಿದ್ದರೆ ಸಾಯಬೇಕು, ಇದೆಂಥ ನಡುವಿನ ಬದುಕು ಎಂದು ಅಂಗಡಿಯ ಮುಂದೆ ಕೂತವರು ಕೇಳುತ್ತಿದ್ದರು. ಕೋಬಿಲ್‌ಜಾನ್ ಅದನ್ನೆಲ್ಲ ನಗುತ್ತಾ ತಳ್ಳಿಹಾಕಬಹುದಿತ್ತು, ಆದರೆ ಅರ್ಧ ಅವನೂ ನಂಬಿದ್ದ. ಮೆಟ್ಟಿಲು ಇಳಿಯುವಾಗ ಮೊಣಕಾಲು ಚಟ್ಟೆಂದರೆ ಸಾಕು, ಮೂಳೆ ಎಂದುಕೊಳ್ಳುತ್ತಿದ್ದ. ಅಪ್ಪ ಮಾತ್ರ ಯಾರ ಹತ್ತಿರವೂ ಮಗನ ಪರ ವಹಿಸಲಿಲ್ಲ, ವಿರುದ್ಧವೂ ಆಡಲಿಲ್ಲ. ಬೆಳಿಗ್ಗೆ ಬಜಾರಿಗೆ ಹೋಗುವ ನೆಪದಲ್ಲಿ ಮಗನ ಜೊತೆ ಸೇತುವೆಯವರೆಗೆ ನಡೆಯುತ್ತಿದ್ದ, ಸೇತುವೆಯ ಹತ್ತಿರ ಏನೂ ಹೇಳದೆ ವಾಪಸಾಗುತ್ತಿದ್ದ. ಈ ಚಳಿಗಾಲದಲ್ಲಿ ಹಾಸಿಗೆ ಹಿಡಿದ ಮೇಲೆ ಒಂದೇ ಒಂದು ಸಲ ಹೇಳಿದ. "ನಾನು ಹೋಗೋದ್ರೊಳಗೆ ಅದನ್ನ ಬಿಟ್ಟುಬಿಡು. ನಂಗೆ ಹೆಗಲು ಕೊಡೋವಾಗ ಅದು ನಿನ್ನ ಮೈಯಲ್ಲಿ ಇರಬಾರದು." ಹೂಂ ಅಪ್ಪಾ ಎಂದಿದ್ದ ಕೋಬಿಲ್‌ಜಾನ್. ಹೂಂ ಎನ್ನುವುದು ಸುಲಭ.

ನಿನ್ನೆ ಹೆಗಲು ಕೊಟ್ಟಾಗ ಅದು ಮೈಯಲ್ಲಿತ್ತು. ಹಿಂದಿನ ಬೆಳಿಗ್ಗೆ ಕುಡಿದದ್ದು. ಅದು ಇದ್ದದ್ದರಿಂದಲೇ ಕಾಲು ಗಟ್ಟಿಯಾಗಿ ನಡೆದವು, ಕಣ್ಣು ಒಣಗಿತ್ತು. ಮಣ್ಣು ಹಾಕಿ ಬಂದವನು ರಾತ್ರಿ ಅಂದುಕೊಂಡ: ಆದದ್ದಾಯಿತು, ಈ ಮೂರು ದಿನವಾದರೂ ಅಪ್ಪನ ಬಾಗಿಲಲ್ಲಿ ಅದಿಲ್ಲದ ಮೈಯಲ್ಲಿ ನಿಲ್ಲುತ್ತೇನೆ.

ಮತ್ತು ಈಗ ಮೊಹಲ್ಲಾ ಅವನನ್ನು ನೋಡುತ್ತಿತ್ತು. ಮೂಗು ಒರೆಸಿದಷ್ಟೂ ಸುರಿಯುತ್ತಿತ್ತು, ಆಕಳಿಕೆ ಬಂದಾಗ ಚಪಾನಿನ ತೋಳಿನಲ್ಲಿ ಮುಖ ಮುಚ್ಚಿಕೊಂಡರೆ ಜನ ಬಿಕ್ಕುತ್ತಿದ್ದಾನೆಂದು ತಿಳಿದರು. ಮೈ ನಡುಗಿದರೆ ಇಬ್ಬರು ಬಂದು ಹಿಡಿದುಕೊಂಡರು. ಅಣ್ಣ ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ನಡುವೆ ಅವನ ಕೈ ಹಿಡಿದು ಮುಂದಕ್ಕೆಳೆದು ತನ್ನ ಪಕ್ಕ ನಿಲ್ಲಿಸಿಕೊಂಡ, ತನ್ನ ಕರವಸ್ತ್ರ ಕೊಟ್ಟ. ಅಣ್ಣನ ಕೈ ಅಪ್ಪನ ಕೈಯಷ್ಟೇ ಒರಟಾಗಿತ್ತು. ಸಾಮಾನಿನ ಕೋಣೆಗೆ ನೂಕಿದ್ದನ್ನು ಬಿಟ್ಟರೆ ಆ ಕೈ ಅವನನ್ನು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಬೆಂಚಿನಿಂದ ಯಾರೋ ಎದ್ದು ಬಂದು ತಾವು ಅರ್ಧ ಕುಡಿದ ಚಹಾದ ಬಟ್ಟಲನ್ನೇ ಅವನಿಗೆ ಕೊಟ್ಟರು. ಕೋಬಿಲ್‌ಜಾನ್ ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತ. ಮದುವೆಮನೆಗಳಲ್ಲಿ ಅವನ ಬಟ್ಟಲನ್ನು ಬೇರೆ ಇಡುತ್ತಿದ್ದರು, ತೊಳೆಯುವ ಹೆಂಗಸರು ಅದನ್ನು ಎರಡು ಬೆರಳಲ್ಲಿ ಎತ್ತುತ್ತಿದ್ದರು. ಇಮಾಮರು ಬಂದವರಿಗೆಲ್ಲ ಕೇಳುವ ಹಾಗೆ, ಈ ಹುಡುಗ ಎರಡು ದಿನದಿಂದ ಆ ಕಿಟಕಿಯ ಕಡೆ ತಲೆ ಹಾಕಿಲ್ಲ, ಕಲ್ಲು ಕರಗಿದೆ, ಉಸ್ತಾ ಸತ್ತು ಮಗನನ್ನು ವಾಪಸು ಪಡೆದ ಎಂದರು. ಬೆಂಚಿನ ಮೇಲೆ ಕೂತವರು ತಲೆದೂಗಿದರು. ಕೋಬಿಲ್‌ಜಾನ್‌ಗೆ ಕಳ್ಳಮಾಲನ್ನು ಕೊಟ್ಟು ಒಳ್ಳೆಯವನೆನ್ನಿಸಿಕೊಂಡಂತಾಗಿತ್ತು. ಇಷ್ಟಾದರೂ ಒಳಗೆಲ್ಲೋ ಒಂದು ಆಸೆ, ಇದು ಹೀಗೇ ಇರಲಿ, ಇನ್ನೂ ಸುರಿಯಲಿ, ಇನ್ನೊಂದು ಬಟ್ಟಲು ಬರಲಿ. ಆ ಆಸೆಯನ್ನು ಕಂಡು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬಿಸಿಲು ಮಲ್ಬೆರಿ ಮರ ಹತ್ತುವ ಹೊತ್ತಿಗೆ ಕಾಲಿನ ನೋವು ಸೊಂಟಕ್ಕೆ ಬಂದಿತ್ತು. ಅಪ್ಪನ ಮುಖ ನೆನೆಯಲು ಹೋದರೆ ಮುಖದ ಜಾಗದಲ್ಲಿ ಕಿಟಕಿಯ ಚೌಕಟ್ಟು ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಸೋಲಿ ಬಂದ. ಹಳೆಯ ಜೊತೆಗಾರ, ಹಿಂದೆ ಎಷ್ಟೋ ಸಲ ಒಂದೇ ಸೂಜಿ ಹಂಚಿಕೊಂಡವನು. ಶುಭ್ರವಾದ ಟೋಪಿ, ಬೋಳಿಸಿದ ಗಡ್ಡ, ಯಾರಿಗೂ ಅನುಮಾನ ಬರುವಂತಿರಲಿಲ್ಲ. ಎಲ್ಲರಂತೆ ಅತ್ತ, ಎಲ್ಲರಂತೆ ತಬ್ಬಿಕೊಂಡ. ತಬ್ಬಿಕೊಂಡಾಗ ಕೋಬಿಲ್‌ಜಾನ್‌ನ ತೋಳಿನ ಮಡಿಕೆಯೊಳಗೆ ಏನನ್ನೋ ಸೇರಿಸಿದ. ಒಂದು ಚೂರು ಪ್ಲಾಸ್ಟಿಕ್, ಗಂಟು ಹಾಕಿದ್ದು.

"ನಿನ್ನ ಮುಖ ನೋಡಿದ್ರೇ ಗೊತ್ತಾಯ್ತು," ಎಂದ ಕಿವಿಯಲ್ಲಿ. "ಕಿಟಕಿಗೆ ಹೋದ್ರೆ ಊರೆಲ್ಲ ನೋಡುತ್ತೆ ಕಣೋ. ಇದನ್ನ ಯಾರು ನೋಡ್ತಾರೆ? ಹಿತ್ತಲಿಗೆ ಹೋಗಿ ಬಾ, ಸಂಜೆವರೆಗೂ ಆರಾಮಾಗಿ ನಿಲ್ತೀಯ."

ಕೆಡುಕು ಬಗೆದು ಹೇಳಿದ ಮಾತಲ್ಲ ಅದು. ಹಸಿದವನಿಗೆ ರೊಟ್ಟಿ ಕೊಟ್ಟಷ್ಟೇ ಒಳ್ಳೆಯ ಮನಸ್ಸಿನಿಂದ ಕೊಟ್ಟು ಬೆಂಚಿನ ಮೇಲೆ ಕೂತು ಫಾತಿಹಾ ಓದಿ ಹೋದ. ಕೋಬಿಲ್‌ಜಾನ್ ಅಣ್ಣನಿಗೆ ಸನ್ನೆ ಮಾಡಿ ಹಿತ್ತಲಿಗೆ ಹೋದ. ಪಾಯಿಖಾನೆಯ ಚಿಲಕ ಹಾಕಿಕೊಂಡು, ಹಲಗೆಯ ಸಂದಿಯಿಂದ ಬರುವ ಬೆಳಕಿನಲ್ಲಿ ಗಂಟನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತ. ಬಾಯಲ್ಲಿ ನೀರೂರಿತು. ಮೈಗೆ ಆಗಲೇ ಖುಷಿಯಾಗಿತ್ತು, ಯಜಮಾನ ಬರುವ ಮೊದಲೇ ಬಾಲ ಆಡಿಸುವ ನಾಯಿಯ ಹಾಗೆ. ಎಷ್ಟು ಸುಲಭ. ಒಂದು ಚಿಟಿಕೆ ಮೂಗಿಗೆ ಎಳೆದು ಹೋಗಿ ನಿಂತರೆ ಮೊಹಲ್ಲಾ ಅವನನ್ನು ತಬ್ಬುತ್ತಲೇ ಇರುತ್ತದೆ, ಅಣ್ಣ ಕೈ ಹಿಡಿಯುತ್ತಲೇ ಇರುತ್ತಾನೆ. ಬಹುಶಃ ಇನ್ನೊಂದು ವಾರ. ಆಮೇಲೆ ಇದೇ ಪಾಯಿಖಾನೆಯಲ್ಲೋ ಸ್ನಾನದ ಮನೆಯಲ್ಲೋ ತುಟಿ ನೀಲಿಯಾಗಿ ಬಿದ್ದಿರುತ್ತಾನೆ, ಆಗ ಬಂದು ಎತ್ತಲು ಅಪ್ಪ ಇರುವುದಿಲ್ಲ. ಇದು ಹೊಳೆದಾಗ ಅವನಿಗೆ ಅಪ್ಪ ಸತ್ತದ್ದು ಮೊದಲ ಸಲ ನಿಜವೆನ್ನಿಸಿತು. ಭಯವಾಯಿತು. ದುಃಖವಲ್ಲ, ಬರೀ ಭಯ. ಕೈ ಗಂಟನ್ನು ಸುಲಭವಾಗಿ ಬಿಡಲಿಲ್ಲ, ಬಹಳ ತಡಮಾಡಿಯೇ ಬಿಟ್ಟಿತು. ಗಂಟು ಗುಂಡಿಯೊಳಗೆ ಬಿದ್ದ ಸದ್ದೂ ಕೇಳಲಿಲ್ಲ. ಬಿದ್ದ ಮೇಲೆ ಎರಡು ಸಲ ಬಗ್ಗಿ ನೋಡಿದ.

ಬಾಗಿಲಿಗೆ ಬಂದು ಅಣ್ಣನಿಗೆ, "ಅಣ್ಣಾ, ನಾನು ಔಷಧಿ ತಗೊಂಡು ಬರ್ತೀನಿ," ಎಂದ.

ತುರ್ಸುನ್‌ಬಾಯ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಬಿಗಿಯಿತು. ಈಗಷ್ಟೇ ಇಮಾಮರು ಏನು ಹೇಳಿದರು, ಊರೆಲ್ಲ ಕೂತಿದೆ, ಇನ್ನೊಂದು ದಿನ ತಡಿ ಎಂದು ಸಣ್ಣ ದನಿಯಲ್ಲಿ ಬೇಡಿಕೊಂಡ. ಹೌದು, ಬೇಡಿಕೊಂಡ. ಕೋಬಿಲ್‌ಜಾನ್ ಇನ್ನೂ ಕಾದರೆ ತಾನು ಬದುಕಿ ಉಳಿಯುವುದಿಲ್ಲವೆಂದಷ್ಟೇ ಹೇಳಿದ. ಆಗ ಅಣ್ಣ, "ಅಪ್ಪನ ಬಾಗಿಲು ಬಿಟ್ಟು ಹೋಗೋನು ಹಾಗೇ ಹೋಗ್ಲಿ, ವಾಪಸ್ ಬರೋದು ಬೇಡ," ಎಂದ. ಬೆಂಚಿನ ಮೇಲಿನ ಮಾತುಗಳು ನಿಂತವು. ಕೋಲನ್ನು ಗೋಡೆಗೆ ಒರಗಿಸಿ ಕೋಬಿಲ್‌ಜಾನ್ ಓಣಿಗಿಳಿದ. ಮೂರು ದಿನ ಬಿಚ್ಚಬಾರದ ನಡುಪಟ್ಟಿಯನ್ನು ಬಿಚ್ಚಲಿಲ್ಲ. ಬೆನ್ನ ಹಿಂದೆ ಯಾರೋ ಉಗಿದರು, ತನಗೋ, ಸುಮ್ಮನೆ ಬಾಯಲ್ಲಿದ್ದದ್ದನ್ನೋ ಎಂದು ಸೇತುವೆ ಬರುವವರೆಗೂ ಯೋಚಿಸುತ್ತಿದ್ದ.

ಮಿನಿ ಬಸ್ಸಿನಲ್ಲಿ ಅವನ ಚಪಾನು, ನಡುಪಟ್ಟಿ ನೋಡಿ ಒಬ್ಬ ಕಿರ್ಗಿಜ್ ಮುದುಕಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಯಾರು ಹೋದರೆಂದು ಕೇಳಿದಳು. ಅಪ್ಪ ಎಂದ. ಅವಳು ಅಂಗೈ ಎತ್ತಿ ಪ್ರಾರ್ಥಿಸಿದಳು, ಬಸ್ಸಿನಲ್ಲಿದ್ದ ಐದಾರು ಜನರೂ ಎತ್ತಿದರು. ಎಲ್ಲಿಗೆ ಹೊರಟಿದ್ದೀಯ ಎಂದು ಅವಳು ಕೇಳಿದ್ದರೆ ಏನು ಹೇಳುತ್ತಿದ್ದ? ಕೇಳಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಸುರಿಯುತ್ತಿದ್ದ ಅವನ ಕಣ್ಣನ್ನು ನೋಡಿ ಬಂದ ನೀರು. ಕೋಬಿಲ್‌ಜಾನ್ ಆಸ್ಪತ್ರೆಗಿಂತ ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟ.

ಬುರುಲ್ ಕಿಟಕಿ ಮುಚ್ಚಲು ಎದ್ದಿದ್ದಳು. ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಬೈಯಲು ಶುರು ಮಾಡಿದವಳು ನಡುಪಟ್ಟಿಯನ್ನು ನೋಡಿ ನಿಲ್ಲಿಸಿದಳು. ಮುಖಕ್ಕೆ ಕೈ ಸವರಿಕೊಂಡು ಆಮೀನ್ ಅಂದಳು. ಬೇರೆ ಏನಾದರೂ ಹಾಕಿಕೊಂಡೆಯಾ ಎಂದು ಕೇಳಿದಳು, ಇಲ್ಲವೆಂದ. ಅವಳು ಅವನ ಕಣ್ಣುಗುಡ್ಡೆ ನೋಡಿ ನಂಬಿದಳು. ಇಷ್ಟು ವರ್ಷದಲ್ಲಿ ಅವನ ಮಾತನ್ನು ಪರೀಕ್ಷಿಸಿಯಾದರೂ ನಂಬುತ್ತಿದ್ದವಳು ಇವಳೊಬ್ಬಳೇ. ಲೋಟ ಕೊಟ್ಟಳು. ಕುಡಿದು ಅಭ್ಯಾಸದಂತೆ ಬಾಯಿ ತೆರೆದು ನಾಲಿಗೆ ಎತ್ತಿ ನುಂಗಿದ್ದನ್ನು ತೋರಿಸಿದ. ಅವಳು ನೋಡದೆ ಬೇರೆ ಕಡೆ ತಿರುಗಿದ್ದಳು. ಅವನು ಒಂದು ಕ್ಷಣ ಹಾಗೇ ಬಾಯಿ ತೆರೆದು ನಿಂತಿದ್ದ.

ಒಂದು ದಿನ ತಪ್ಪಿಸಿ ಬಂದವರು ಸ್ವಲ್ಪ ಹೊತ್ತು ಕೂತು ಹೋಗಬೇಕು. ಕಾರಿಡಾರಿನ ಬೆಂಚಿನ ಮೇಲೆ ಅವನೊಬ್ಬನೇ. ಔಷಧಿ ಕೆಲಸ ಶುರು ಮಾಡಲು ಎಷ್ಟು ಹೊತ್ತು ಬೇಕೆಂದು ಮೈಗೆ ಗೊತ್ತಿತ್ತು. ಅವನು ಕೂತು ಕಾಯತೊಡಗಿದ. ಮೈಯ ಈ ಸಂಕಟ ಇಳಿದ ಮೇಲೂ ಕಣ್ಣೀರು ಬಂದರೆ ಅದು ಅಪ್ಪನದು ಎಂದುಕೊಂಡ. ಅಪ್ಪನನ್ನು ಬೇಕೆಂದೇ ನೆನೆದ. ಕಿಂಡಿಯಿಂದ ಬರುವ ರೊಟ್ಟಿ, ಉಗುರಿನ ಕೆಂಪು, ಸೇತುವೆಯಿಂದ ತಿರುಗಿ ಹೋಗುವ ಬೆನ್ನು. ಆ ಬೆನ್ನು ಯಾಕೆ ದಿನಾ ಸೇತುವೆಯವರೆಗೆ ಬರುತ್ತಿತ್ತು? ಕಾವಲಿಗೋ, ಜೊತೆಗೋ? ಕೇಳಬಹುದಿತ್ತು. ಕೇಳಿರಲಿಲ್ಲ. ಮೊದಲು ಆಕಳಿಕೆ ನಿಂತಿತು. ಆಮೇಲೆ ಮೂಗು. ಕಾಲಿನ ಸೆಳೆತ ಸಡಿಲವಾಯಿತು, ಮೈ ಬೆಚ್ಚಗಾಯಿತು. ಕಣ್ಣು ಮುಟ್ಟಿಕೊಂಡ. ಒಣಗಿತ್ತು. ರೆಪ್ಪೆ ಉಜ್ಜಿದ, ಇನ್ನೊಮ್ಮೆ ಆ ಬೆನ್ನನ್ನು ನೆನೆದ. ಒಂದು ಹನಿಯೂ ಬರಲಿಲ್ಲ. ಎದೆಯೊಳಗೆ ಭಾರವಿತ್ತು, ಅದು ಅಲ್ಲೇ ಕೂತಿತ್ತು. ಬುರುಲ್ ಬೀಗ ಹಾಕಿಕೊಂಡು ಹೋಗುವಾಗ ಹುಷಾರು ಎಂದಳು.

ಮೊಹಲ್ಲಾಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನದ ನಮಾಜು ಮುಗಿದಿತ್ತು. ಅಣ್ಣ ಒಬ್ಬನೇ ಬಾಗಿಲಿಗೆ ನಿಂತಿದ್ದ. ಕೋಬಿಲ್‌ಜಾನ್ ಕೋಲು ಎತ್ತಿಕೊಂಡು, ಗೋಡೆಯ ಕಡೆ ಹೋಗದೆ, ಅಣ್ಣನ ಪಕ್ಕದಲ್ಲೇ ನಿಂತ. ಬೆಂಚಿನಿಂದ ಒಬ್ಬರು ಎದ್ದರು, ಅಣ್ಣ ಕೈಯೆತ್ತಿ ಅವರನ್ನು ಕೂರಿಸಿದ. ಓಣಿಯ ತಿರುವಿನಲ್ಲಿ ಅಪ್ಪನ ಹಳೆಯ ಗಿರಾಕಿಗಳ ದೊಡ್ಡ ಗುಂಪೊಂದು ಕಂಡಿತ್ತು.

"ಬಂದಿದೀಯ, ಸರಿ," ಎಂದ ಅಣ್ಣ ಅತ್ತ ನೋಡುತ್ತಲೇ. "ಬೆಳಿಗ್ಗೆ ಅತ್ತ ಹಾಗೆ ಅತ್ತುಬಿಡು. ಎಲ್ಲಿಗೆ ಹೋಗಿದ್ದೆ ಅಂತ ಯಾರೂ ಕೇಳಲ್ಲ. ನಾನೂ ಕೇಳಲ್ಲ."

ಅಣ್ಣ ಇಷ್ಟು ಮಾಡುತ್ತಾನೆಂದು ಅವನು ಎಣಿಸಿರಲಿಲ್ಲ. ಆ ಮಾತಿಗೆ ಒಪ್ಪಿಬಿಡಬೇಕೆನ್ನಿಸಿತು. ತೋಳಿನಲ್ಲಿ ಮುಖ ಮುಚ್ಚಿಕೊಂಡು ಭುಜ ಅಲುಗಿಸಿದ್ದರೆ ಸಾಕಾಗಿತ್ತು.

"ಬೆಳಿಗ್ಗೆ ಅತ್ತಿದ್ದು ಅಪ್ಪನಿಗಲ್ಲ ಅಣ್ಣಾ. ಔಷಧಿ ಇಲ್ದೆ ಮೈ ಅಳ್ತಿತ್ತು."

ತುರ್ಸುನ್‌ಬಾಯ್ ತಿರುಗಿ ನೋಡಿದ. ತಾನು ಕೊಟ್ಟಿದ್ದ ಕರವಸ್ತ್ರ ತಮ್ಮನ ನಡುಪಟ್ಟಿಯಲ್ಲಿ ಸಿಕ್ಕಿಸಿದ್ದನ್ನು ನೋಡಿದ. "ಹಾಗಾದ್ರೆ ಈಗ?" ಎಂದು ಕೇಳಿದ.

"ಈಗ ಅಳು ಬರ್ತಿಲ್ಲ. ಆದ್ರೆ ಅಪ್ಪನಿಗೆ ಅಂತ ನಿಂತಿರೋದು ಈಗ್ಲೇ."

ಗುಂಪು ಹತ್ತಿರ ಬಂದಿತ್ತು. ಅಣ್ಣ ದನಿ ತೆಗೆಯಲು ಬಾಯಿ ತೆರೆದ, ದನಿ ಹೊರಡಲಿಲ್ಲ, ಎರಡನೆಯ ಸಲಕ್ಕೆ ಹೊರಟಿತು. ಕೋಬಿಲ್‌ಜಾನ್ ಕೂಡ "ನನ್ನಪ್ಪಾ" ಎಂದ, ಮನೆಯೊಳಗಿಂದ ಯಾರನ್ನೋ ಕರೆಯುವಷ್ಟೇ ಸಾದಾ ದನಿಯಲ್ಲಿ, ತಬ್ಬಲು ಕೈ ಚಾಚಿದ. ಮುಂದಿದ್ದ ದಪ್ಪನೆಯ ಮನುಷ್ಯ ತೋಳು ಚಾಚಿ ಅವನ ಕಡೆ ಬಂದವನು, ಒಣಗಿದ ಮುಖವನ್ನು ನೋಡಿ ಅರ್ಧಕ್ಕೆ ನಿಂತ. ಬೆಂಚಿನಿಂದ ಯಾರೋ ಏನೋ ಗೊಣಗಿದರು. ಆ ಮನುಷ್ಯ ಪಕ್ಕಕ್ಕೆ ಸರಿದು ಅಣ್ಣನನ್ನು ತಬ್ಬಿಕೊಂಡ. ಅವನ ಹಿಂದಿನವನೂ ಹಾಗೇ ಸರಿದ, ಅದರ ಹಿಂದಿನವನೂ. ಕೋಬಿಲ್‌ಜಾನ್ ಚಾಚಿದ ಕೈಗಳನ್ನು ಇಳಿಸಲಿಲ್ಲ. ಸಂಜೆಯ ನಮಾಜಿಗೆ ಇನ್ನೂ ಹೊತ್ತಿತ್ತು, ಜನ ಬರುವವರಿದ್ದರು.